ಎಷ್ಟು ಕುಂಡ ಇಡಬೇಕು ಅಂತ ಸಿಪ್ಪೆಯನ್ನೇ ಕೇಳಿ

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದವರು. 30×40 ಸೈಟಿನಲ್ಲಿ ಮನೆ, ಮೇಲೆ ತಾರಸಿ ಖಾಲಿ ಇದೆ. ಮನೆಯಲ್ಲಿ ನಾಲ್ಕು ಜನ. ನಮಗೆ ಬೇಕಾದ ತರಕಾರಿ ನಾವೇ ಬೆಳೆದುಕೊಳ್ಳೋಣ, ಕಸ ಮತ್ತು ಪ್ಲಾಸ್ಟಿಕ್ ಕಡಿಮೆ ಮಾಡೋಣ ಅಂತ ಮಾರ್ಚ್‌ನಲ್ಲಿ 40 ಗ್ರೋ ಬ್ಯಾಗ್, ಕೋಕೋಪೀಟ್, ಎರೆಗೊಬ್ಬರ ಎಲ್ಲ ಆನ್‌ಲೈನ್‌ನಲ್ಲಿ ತರಿಸಿದೆ. ಒಂಬತ್ತು ಸಾವಿರ ಖರ್ಚಾಯಿತು. ಟೊಮೆಟೊ ಎಲೆಯೆಲ್ಲ ಮುದುಡಿಕೊಂಡಿತು. ಬೆಂಡೆ ದಿನಕ್ಕೆ ಎರಡು ಕಾಯಿ ಕೊಟ್ಟಿತು. ಏಪ್ರಿಲ್‌ನಲ್ಲಿ ನೀರು ಹೊತ್ತು ಹೊತ್ತು ಸಾಕಾಯಿತು. ಪಾಂಡವಪುರದ ಕಡೆಯ ನಮ್ಮತ್ತೆ ನೋಡಿ ನಗುತ್ತಾರೆ. ಈಗ ಮಳೆ ಹಿಡಿದಿದೆ. ಬಿಟ್ಟುಬಿಡಲಾ, ಮುಂದುವರಿಸಲಾ? ಮನೆಗೆ ಸಾಕಾಗುವಷ್ಟು ಬೆಳೆಯೋದು ನಿಜವಾಗಿ ಆಗುತ್ತಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಆಗಲ್ಲ. ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕು ಜನಕ್ಕೆ ದಿನಕ್ಕೆ 1.6 ಕೆ.ಜಿ. ಆಯಿತು, ತಿಂಗಳಿಗೆ 48 ಕೆ.ಜಿ. ಅಷ್ಟನ್ನು ತಾರಸಿಯ ಚೀಲಗಳಿಂದ ತೆಗೆಯಬೇಕಾದರೆ ಉಳಿದ ಕೆಲಸ ಬಿಟ್ಟು ಅಲ್ಲೇ ಕೂರಬೇಕು. ಅಕ್ಕಿ, ರಾಗಿ, ಬೇಳೆ, ಎಣ್ಣೆ, ಈರುಳ್ಳಿಯಂತೂ ಲೆಕ್ಕಕ್ಕೇ ಬಂದಿಲ್ಲ.

ಹಾಗಂತ ಬಿಟ್ಟುಬಿಡಿ ಅನ್ನುತ್ತಿಲ್ಲ. ಎಡವಟ್ಟಾಗಿರುವುದು ಅಳತೆಯಲ್ಲಿ. 40 ಅನ್ನೋ ಸಂಖ್ಯೆ ಎಲ್ಲಿಂದ ಬಂತು ಹೇಳಿ? ತಾರಸಿಯಲ್ಲಿ ಅಷ್ಟು ಜಾಗ ಇತ್ತು, ಅಂಗಡಿಯವರ ಹತ್ತಿರ ಅಷ್ಟರ ಕಟ್ಟು ಇತ್ತು, ಅಷ್ಟೇ ಅಲ್ವಾ? ಮನೆ ತೋಟದ ಅಳತೆಯನ್ನು ಜಾಗ ನೋಡಿ ಇಡಬಾರದು. ಅಡುಗೆಮನೆಯಿಂದ ದಿನಾ ಹೊರಗೆ ಹೋಗುವ ನೀರು ಎಷ್ಟು, ಸಿಪ್ಪೆ ಎಷ್ಟು, ಅದನ್ನು ನೋಡಿ ಇಡಬೇಕು.

ನನ್ನ ಊರು ಶ್ರೀರಂಗಪಟ್ಟಣದ ಹತ್ತಿರ. ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ಕಡೆ ಬಾಳೆ ಮತ್ತು ಕೆಸು ಇದ್ದವು. ತಿಪ್ಪೆ ಪಕ್ಕದಲ್ಲಿ ಕುಂಬಳದ ಬಳ್ಳಿ ತಾನಾಗೇ ಎದ್ದು ಬೇಲಿ ಹತ್ತುತ್ತಿತ್ತು. ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿಗೆ ಹೋಗಿ ಹಸುವಿನ ಹೊಟ್ಟೆ ಸೇರುತ್ತಿತ್ತು, ಸಗಣಿ ತಿಪ್ಪೆಗೆ ಬರುತ್ತಿತ್ತು. ಹಿತ್ತಲಿಗೆ ಅಂತ ಯಾರೂ ಒಂದು ರೂಪಾಯಿ ಖರ್ಚು ಮಾಡಿದ್ದು ನೋಡಿಲ್ಲ. ನಿಮ್ಮತ್ತೆ ನಗುತ್ತಿರುವುದು ಗಿಡ ನೋಡಿ ಅಲ್ಲ ಅನಿಸುತ್ತದೆ. ಗೊಬ್ಬರವನ್ನು ಕೊರಿಯರ್‌ನಲ್ಲಿ ತರಿಸಿದ್ದು ನೋಡಿ ನಗುತ್ತಿರಬೇಕು.

ಈಗ ನೀರಿನ ಲೆಕ್ಕ ಹಾಕೋಣ. ಒಂದಡಿ ಅಗಲ, ಒಂದಡಿ ಎತ್ತರದ ಚೀಲಕ್ಕೆ ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಸುಮಾರು ಒಂದೂವರೆ ಲೀಟರ್ ಬೇಕು. 40 ಚೀಲಕ್ಕೆ 60 ಲೀಟರ್. ಕನ್ನಂಬಾಡಿ ಕಟ್ಟೆಯಲ್ಲಿ (ಕೆಆರ್‌ಎಸ್) ನೀರು ಪೂರ್ಣ ಮಟ್ಟ 124.80 ಅಡಿಗೆ ಎಷ್ಟು ಕಡಿಮೆ ಇದೆ ಅಂತ ಬೆಳಿಗ್ಗೆ ಪೇಪರ್ ತೆಗೆದ ಕೂಡಲೇ ನೋಡುವ ಊರಿನವರು ನಾವು. ದಿನಕ್ಕೆ 60 ಲೀಟರ್ ಕುಡಿಯುವ ನೀರನ್ನು ತಾರಸಿಗೆ ಹೊತ್ತು ಸುರಿದು ಅದನ್ನು ಪರಿಸರದ ಕೆಲಸ ಅನ್ನೋದು ನನಗಂತೂ ಸರಿ ಕಾಣಲ್ಲ. ಅದೇ ಅಕ್ಕಿ, ಬೇಳೆ, ತರಕಾರಿ, ಸೊಪ್ಪು ತೊಳೆದ ನೀರನ್ನು ಒಂದು ವಾರ ಬಕೆಟ್‌ನಲ್ಲಿ ಹಿಡಿದು ನೋಡಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 20ರಿಂದ 25 ಲೀಟರ್ ಸಿಗುತ್ತದೆ. ಅಂದರೆ 15 ಚೀಲಕ್ಕೆ ಸಾಕು. ಪಾತ್ರೆ ತೊಳೆದ ಸೋಪಿನ ನೀರು, ವಾಷಿಂಗ್ ಮೆಷಿನ್ ನೀರು ಬೇಡ. ಉಪ್ಪು ಹಾಕಿ ಬೇಯಿಸಿದ ನೀರೂ ಬೇಡ, ಬೇರು ಸುಡುತ್ತದೆ.

ಸಿಪ್ಪೆಯ ಲೆಕ್ಕವೂ ಇದೇ ಜಾಗಕ್ಕೆ ಬರುತ್ತದೆ. ದಿನಕ್ಕೆ ಮುಕ್ಕಾಲು ಕೆ.ಜಿ. ಹಸಿ ಕಸ ಅಂದುಕೊಳ್ಳಿ, ವರ್ಷಕ್ಕೆ 270 ಕೆ.ಜಿ. ಚಿಲ್ಲರೆ. ಕೊಳೆತು ಗೊಬ್ಬರ ಆಗುವಾಗ ನೀರೆಲ್ಲ ಹೋಗಿ ಕಾಲು ಭಾಗ ಉಳಿದರೆ ಹೆಚ್ಚು. ಜೊತೆಗೆ ಹಾಕುವ ಒಣ ಎಲೆಯೂ ಸೇರಿ ವರ್ಷಕ್ಕೆ ಸುಮಾರು 100 ಕೆ.ಜಿ. ಗೊಬ್ಬರ. ಒಂದು ಚೀಲಕ್ಕೆ ಪ್ರತಿ ಬೆಳೆಗೆ 3 ಕೆ.ಜಿ. ಬೇಕು, ವರ್ಷಕ್ಕೆ ಎರಡು ಬೆಳೆ. ಭಾಗಿಸಿ ನೋಡಿ, ಮತ್ತೆ 15 ಅಥವಾ 16. ಇದು ಅಂದಾಜಿನ ಲೆಕ್ಕ, ನಿಮ್ಮ ಮನೆಯಲ್ಲಿ ಸ್ವಲ್ಪ ಆಚೀಚೆ ಆಗಬಹುದು. ಆದರೆ 40 ಅಂತೂ ಬರಲ್ಲ. 15 ಚೀಲ ಇಟ್ಟುಕೊಂಡು ಉಳಿದ 25ನ್ನು ಮಡಚಿಡಿ. ಅಕ್ಕಪಕ್ಕದವರಿಗೆ ಕೊಟ್ಟರೆ ಇನ್ನೂ ಒಳ್ಳೆಯದು.

ಹೋದ ಬೆಳೆ ಯಾಕೆ ಕೆಟ್ಟಿತು ಅಂತ ನೋಡೋಣ. 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿದ ಮೇಲೆ ಮನೆ ತೋಟ ಅಂದರೆ ಎಲ್ಲರಿಗೂ ಮೊದಲು ನೆನಪಾಗೋದು ಟೊಮೆಟೊನೇ. ಹೊಸಬರು ಕಡೆಯಲ್ಲಿ ಹಾಕಬೇಕಾದ ಗಿಡ ಅದು. ನಿಮ್ಮ ಗಿಡಕ್ಕೆ ಬಂದದ್ದು ಎಲೆ ಮುದುಡು ರೋಗ. ಇದು ವೈರಸ್. ಬಿಳಿ ನೊಣ ಒಂದು ಗಿಡದ ರಸ ಹೀರಿ ಇನ್ನೊಂದಕ್ಕೆ ಹಚ್ಚುತ್ತದೆ. ಫೆಬ್ರವರಿಯಿಂದ ಮೇವರೆಗೆ, ಒಣ ಬಿಸಿಲಿನಲ್ಲಿ, ಈ ನೊಣದ ಕಾಟ ಜಾಸ್ತಿ. ನೀವು ಸರಿಯಾಗಿ ಆ ಹೊತ್ತಿಗೇ ನೆಟ್ಟಿದ್ದೀರಿ. ರೋಗ ಬಂದ ಮೇಲೆ ಯಾವ ಔಷಧಿಯಿಂದಲೂ ಗಿಡ ಸರಿಹೋಗಲ್ಲ, ಕಿತ್ತುಹಾಕಬೇಕು. ಟೊಮೆಟೊ ಬೇಕೇ ಬೇಕು ಅಂದರೆ ಆಗಸ್ಟ್ ಕೊನೆಗೆ ಬೀಜ ಹಾಕಿ, ಸೆಪ್ಟೆಂಬರ್ ಕೊನೆಗೆ ಸಸಿ ನೆಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಈ ರೋಗವನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಅದು ಹೈಬ್ರಿಡ್, ಹಣ್ಣಿನಿಂದ ಬೀಜ ತೆಗೆದು ಮತ್ತೆ ಹಾಕಿದರೆ ಅದೇ ಗುಣ ಬರಲ್ಲ. ಎರಡು ಗಿಡ ಸಾಕು. ಕಾಯಿಯ ತಳ ಕಪ್ಪಾಗಿ ಚರ್ಮದ ಹಾಗೆ ಗಟ್ಟಿಯಾದರೆ ಅದು ರೋಗ ಅಲ್ಲ. ಒಂದು ದಿನ ಒಣಗಿಸಿ ಮರುದಿನ ಕೆರೆ ಮಾಡಿದರೆ ಹಾಗಾಗುತ್ತದೆ. ಬೇರಿಗೆ ಸುಣ್ಣದ ಅಂಶ ಸಮನಾಗಿ ಸಿಗಲ್ಲ.

ಬೆಂಡೆಯ ವಿಷಯದಲ್ಲಿ ಗಿಡದ ತಪ್ಪಿಲ್ಲ. ಒಂದು ಗಿಡ ಎರಡು ದಿನಕ್ಕೊಂದು ಕಾಯಿ ಕೊಡುತ್ತದೆ, ಅದರ ಶಕ್ತಿ ಅಷ್ಟೇ. ಹತ್ತು ಗಿಡ ಇಟ್ಟರೂ ದಿನಕ್ಕೆ ಐದು ಕಾಯಿ, ನಾಲ್ಕು ಜನಕ್ಕೆ ಒಂದು ಹೊತ್ತಿನ ಪಲ್ಯಕ್ಕೂ ಸಾಲಲ್ಲ. ತಾರಸಿಯಲ್ಲಿ ಬೆಂಡೆ ನನಗೆ ಗಿಟ್ಟಿಲ್ಲ, ನಾನು ಹಾಕೋದೇ ಬಿಟ್ಟೆ.

ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ. ನೀರು ಹಿಡಿದುಕೊಳ್ಳುತ್ತದೆ, ಹಗುರ. ಆದರೆ ಗಿಡಕ್ಕೆ ಊಟ ಅದರಲ್ಲಿ ಇಲ್ಲವೇ ಇಲ್ಲ. ಮಣ್ಣಿಗೆ ಬದಲು ಅದನ್ನೇ ತುಂಬಿದರೆ ಮೊದಲ ತಿಂಗಳು ಗಿಡ ಚೆನ್ನಾಗಿ ಕಂಡು ಆಮೇಲೆ ಹಳದಿ ತಿರುಗುತ್ತದೆ. ತಂದದ್ದನ್ನು ಎಸೆಯಬೇಡಿ. ಅದಕ್ಕೆ ಇನ್ನೊಂದು ಒಳ್ಳೆ ಕೆಲಸ ಇದೆ, ಈಗ ಹೇಳುತ್ತೇನೆ.

ನಾನಾದರೆ ಗಿಡಕ್ಕಿಂತ ಮೊದಲು ಗೊಬ್ಬರದ ಡ್ರಮ್ ಇಡುತ್ತೇನೆ. 50-60 ಲೀಟರಿನ ಹಳೆ ಪ್ಲಾಸ್ಟಿಕ್ ಡ್ರಮ್ ಎರಡು ತನ್ನಿ. ಪೇಂಟ್ ಅಥವಾ ಕೆಮಿಕಲ್ ತುಂಬಿದ್ದು ಬೇಡ. ಸುತ್ತ ಮತ್ತು ತಳಕ್ಕೆ ಕಾದ ಮೊಳೆಯಿಂದ ತೂತು ಮಾಡಿ, ಇಟ್ಟಿಗೆ ಮೇಲೆ ಕೂರಿಸಿ. ತಳಕ್ಕೆ ಒಂದು ಗೇಣು ಒಣ ಎಲೆ. ಅದರ ಮೇಲೆ ದಿನದ ಸಿಪ್ಪೆ, ಅದರ ಮೇಲೆ ಸಿಪ್ಪೆಯ ಎರಡರಷ್ಟು ಒಣ ಪದಾರ್ಥ. ಒಂದು ಬಟ್ಟಲು ಸಿಪ್ಪೆಗೆ ಎರಡು ಬಟ್ಟಲು ಒಣ ಎಲೆ ಅಂತ ಕೈ ಲೆಕ್ಕ ಇಟ್ಟುಕೊಳ್ಳಿ. ಎಲ್ಲರೂ ತಪ್ಪುವುದು ಇಲ್ಲೇ. ಬರೀ ಸಿಪ್ಪೆ ತುಂಬುತ್ತಾರೆ, ನಾಲ್ಕನೇ ದಿನಕ್ಕೆ ನಾತ, ಐದನೇ ದಿನಕ್ಕೆ ಮನೆಯವರ ಬೈಗುಳ, ಆರನೇ ದಿನಕ್ಕೆ ಡ್ರಮ್ ಗುಜರಿಗೆ.

ಒಣ ಎಲೆ ಮೈಸೂರಿನಲ್ಲಿ ಫೆಬ್ರವರಿ-ಮಾರ್ಚ್‌ನಲ್ಲಿ ಬೀದಿ ತುಂಬ ಸಿಗುತ್ತದೆ. ಹೊಂಗೆ ಮರಗಳು ಎಲೆ ಉದುರಿಸುವ ಕಾಲ ಅದು. ಗುಡಿಸಿ ಬೆಂಕಿ ಹಚ್ಚುವ ಬದಲು ಆದಷ್ಟು ಗೋಣಿಚೀಲ ತುಂಬಿ ಮೆಟ್ಟಿಲ ಕೆಳಗೆ ಇಟ್ಟರೆ ವರ್ಷ ನಡೆಯುತ್ತದೆ. ಈ ವರ್ಷ ಆ ಕಾಲ ಕಳೆದುಹೋಯಿತು. ಆದರೆ ನಿಮ್ಮಲ್ಲಿ ಕೋಕೋಪೀಟ್ ಇದೆಯಲ್ಲ! ಅದನ್ನೇ ಒಣ ಪದಾರ್ಥವಾಗಿ ಬಳಸಿ. ಸಿಪ್ಪೆಯ ನೀರನ್ನು ಅದು ಹೀರಿಕೊಳ್ಳುತ್ತದೆ. ನಿಮ್ಮತ್ತೆ ಊರಿನ ಕಡೆ ಕಬ್ಬು ಕಡಿದ ಮೇಲೆ ತರಗನ್ನು ಗದ್ದೆಯಲ್ಲೇ ಸುಡುತ್ತಾರೆ. ಕಾರಿನಲ್ಲಿ ಜಾಗ ಇದ್ದರೆ ಒಂದು ಮೂಟೆ ತುಂಬಿಕೊಂಡು ಬನ್ನಿ. ಸಣ್ಣಗೆ ಕತ್ತರಿಸಿ ಹಾಕಬೇಕು ಅಷ್ಟೇ. ಚೀಲದ ಮಣ್ಣಿನ ಮೇಲೆ ಹೊದಿಕೆಗೂ ಅದಕ್ಕಿಂತ ಒಳ್ಳೆಯದು ಇಲ್ಲ. ಎರಡು ಬೆರಳು ದಪ್ಪ ಹೊದಿಸಿದರೆ ಮಣ್ಣು ಬೇಗ ಒಣಗಲ್ಲ, ಬೇಸಿಗೆಯಲ್ಲಿ ನೀರು ಉಳಿಯುತ್ತದೆ.

ಶುರುವಿಗೆ ಒಂದು ಲೋಟ ಹುಳಿ ಮಜ್ಜಿಗೆ ಅಥವಾ ಒಂದು ಬೊಗಸೆ ಸಗಣಿ ಕಲಸಿದ ನೀರು ಚಿಮುಕಿಸಿ. ವಾರಕ್ಕೆರಡು ಸಲ ಕೋಲಿನಿಂದ ಕೆದಕಿ. ಸರಿ ಇದೆಯಾ ಅಂತ ತಿಳಿಯಲು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಒದ್ದೆ ಜಾಸ್ತಿ, ಒಣ ಎಲೆ ಹಾಕಿ. ಬಿಟ್ಟ ಕೂಡಲೇ ಪುಡಿಪುಡಿ ಉದುರಿದರೆ ಸ್ವಲ್ಪ ನೀರು ಹಾಕಿ. ಮುದ್ದೆ ಕಟ್ಟಿ, ಬೆರಳು ತಾಗಿಸಿದರೆ ಒಡೆಯಬೇಕು. ಮಧ್ಯಕ್ಕೆ ಕೈ ಹಾಕಿದರೆ ಬೆಚ್ಚಗಿರುತ್ತದೆ. ಬೆಳ್ಳಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುವ ದಪ್ಪ ಹುಳುಗಳು ಕಂಡರೆ ಹೆದರಬೇಡಿ. ಅವು ಕಸ ತಿನ್ನುವ ನೊಣದ ಮರಿಗಳು, ನಿಮ್ಮ ಕೆಲಸವನ್ನೇ ಮಾಡುತ್ತಿವೆ. ಒಂದು ಡ್ರಮ್ ತುಂಬಿದ ಮೇಲೆ ಮುಚ್ಚಿ ಇನ್ನೊಂದಕ್ಕೆ ಶುರು ಮಾಡಿ. ಎರಡು-ಎರಡೂವರೆ ತಿಂಗಳಿಗೆ ಮೊದಲನೆಯದು ಕಪ್ಪಗಾಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಮೂಗಿಗೆ ಹಿಡಿದರೆ ಸಿಪ್ಪೆಯ ನೆನಪೂ ಬರಬಾರದು.

ಮಾಂಸ, ಎಣ್ಣೆ ಪದಾರ್ಥ, ಮಿಕ್ಕ ಸಾರು ಹಾಕಬೇಡಿ, ಇಲಿ ಬರುತ್ತದೆ. ನಿಂಬೆ ಸಿಪ್ಪೆ ಸ್ವಲ್ಪ ಇದ್ದರೆ ತೊಂದರೆ ಇಲ್ಲ.

ಅರ್ಧ ಕೊಳೆತ ಗೊಬ್ಬರ ಹಾಕಿದರೆ ಏನಾಗುತ್ತದೆ ಅಂತ ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಸುಮಾರು ಹತ್ತು ವರ್ಷದ ಹಿಂದೆ ಹಳೆ ಕೊಟ್ಟಿಗೆ ಗೊಬ್ಬರ ಅಂತ ಹೇಳಿ ಒಬ್ಬರು ಅರ್ಧ ಲೋಡ್ ತಂದು ಸುರಿದು ಹೋದರು. ಮುಟ್ಟಿದರೆ ಇನ್ನೂ ಬಿಸಿ. ಆತುರ ನನಗೆ, ಹಾಗೇ ಬೆರೆಸಿದೆ. ಮೂರು ವಾರ ಬದನೆ ಗಿಡ ನಳನಳಿಸಿತು. ಆಮೇಲೆ ಒಂದು ಬೆಳಿಗ್ಗೆ ಒಂದು ಗಿಡ ಬಾಡಿ ನಿಂತಿತ್ತು. ಹಿಡಿದು ಎಳೆದರೆ ಸುಮ್ನೆ ಕೈಗೆ ಬಂತು, ಬೇರೇ ಇಲ್ಲ. ಮಣ್ಣು ಕೆದಕಿದರೆ ಹೆಬ್ಬೆರಳು ದಪ್ಪದ ಗೊಣ್ಣೆ ಹುಳು ‘ಸಿ’ ಅಕ್ಷರದ ಹಾಗೆ ಸುತ್ತಿಕೊಂಡು ಮಲಗಿತ್ತು. ಒಟ್ಟು ಎಷ್ಟು ಆಯ್ದೆನೋ ಲೆಕ್ಕ ಇಡಲಿಲ್ಲ, ಸಣ್ಣ ಬಕೆಟ್ ತುಂಬಿತು. ಪಕ್ಕದ ಮನೆಯ ಕೋಳಿಗಳಿಗೆ ಅವತ್ತು ಹಬ್ಬ. ಅಂದಿನಿಂದ ಹೊರಗಿನ ಗೊಬ್ಬರವನ್ನು ಹರಡಿ, ನೋಡಿ, ಒಂದು ತಿಂಗಳು ಇಟ್ಟ ಮೇಲೇ ಬಳಸುತ್ತೇನೆ.

ಚೀಲಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ನಿಮ್ಮ ಕೋಕೋಪೀಟ್. ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಮನೆ ಕಟ್ಟುವ ಕಡೆಯ ಮಣ್ಣು ತರಬೇಡಿ, ಸಿಮೆಂಟು ಸುಣ್ಣ ಎಲ್ಲ ಸೇರಿರುತ್ತದೆ. ಹಳೆ ಚೀಲದ ಮಣ್ಣನ್ನು ಎರಡು ದಿನ ಬಿಸಿಲಿಗೆ ಹರಡಿ, ಹೊಸ ಗೊಬ್ಬರ ಬೆರೆಸಿ ಮತ್ತೆ ತುಂಬಿದರಾಯಿತು. ಟೊಮೆಟೊ ಇದ್ದ ಚೀಲಕ್ಕೆ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ. ಮೂರೂ ಒಂದೇ ವಂಶ. ಅಲ್ಲಿ ಸೊಪ್ಪು ಹಾಕಿ.

ಭಾರದ ಬಗ್ಗೆ ಒಂದು ಮಾತು. ಜನ ಹತ್ತಿ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕೆ.ಜಿ. ಹೊರುವ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಇಟ್ಟಿಗೆ ಕಟ್ಟಿ ಒಂದಡಿ ಮಣ್ಣು ತುಂಬಿ ಪಾತಿ ಮಾಡಿದರೆ ಒದ್ದೆಯಾದಾಗ ಅದು 500 ಕೆ.ಜಿ. ದಾಟುತ್ತದೆ. ವಿಡಿಯೊ ನೋಡಿ ಆ ಸಾಹಸಕ್ಕೆ ಹೋಗಬೇಡಿ. ಚೀಲಗಳನ್ನು ಗೋಡೆ ಅಂಚಿಗೆ, ತೊಲೆ ಇರುವ ಸಾಲಿನಲ್ಲಿ ಇಡಿ. ಕೆಳಗೆ ಎರಡು ಇಟ್ಟಿಗೆ ಕೊಟ್ಟರೆ ನೀರು ನಿಲ್ಲಲ್ಲ, ಸೀಲಿಂಗ್ ಸೋರಲ್ಲ.

ಬಿಸಿಲಿನ ಜಾಗ ವರ್ಷವಿಡೀ ಒಂದೇ ಇರಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಮೈಸೂರಿನಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಡಿಸೆಂಬರ್‌ನಲ್ಲಿ ಚೆನ್ನಾಗಿ ದಕ್ಷಿಣಕ್ಕೆ ಜಾರಿರುತ್ತಾನೆ. ನಿಮ್ಮ ಮೆಟ್ಟಿಲ ಕೋಣೆ ಹತ್ತಡಿ ಎತ್ತರ ಇದ್ದರೆ ಡಿಸೆಂಬರ್ ಮಧ್ಯಾಹ್ನ ಅದರ ಉತ್ತರಕ್ಕೆ ಏಳಡಿ ನೆರಳು ಬೀಳುತ್ತದೆ. ಕಾಯಿ ಬಿಡುವ ಗಿಡಕ್ಕೆ ಆರು ಗಂಟೆ ಬಿಸಿಲು ಬೇಕು, ಸೊಪ್ಪಿಗೆ ನಾಲ್ಕು ಸಾಕು. ನೆರಳಿನ ಕಡೆ ಸೊಪ್ಪು ಇಡಿ.

ಈ 15 ಚೀಲದಲ್ಲಿ ಏನು ಬೆಳೆಯೋದು? ನನ್ನನ್ನು ಕೇಳಿದರೆ ಮುಕ್ಕಾಲು ಪಾಲು ಸೊಪ್ಪು. ದುಡ್ಡು ಉಳಿಯುತ್ತದೆ ಅಂತ ಹೇಳುತ್ತಿಲ್ಲ. ಉಳಿಯೋದು ಅಷ್ಟಕ್ಕಷ್ಟೇ, ನಿಮ್ಮ ಒಂಬತ್ತು ಸಾವಿರ ವಾಪಸ್ ಬರಲು ಕಾಲ ಬೇಕು. ಆದರೆ ಮಾರ್ಕೆಟ್‌ನಿಂದ ತಂದ ಕೊತ್ತಂಬರಿ ಕಟ್ಟಿನಲ್ಲಿ ಅರ್ಧ ಫ್ರಿಜ್‌ನಲ್ಲೇ ಕೊಳೆಯುತ್ತದೆ, ಹೌದೋ ಅಲ್ವೋ? ಮನೆಯಲ್ಲಿ ಇದ್ದರೆ ಒಗ್ಗರಣೆ ಸಿಡಿಯುವಾಗ ಹೋಗಿ ಬೇಕಾದಷ್ಟೇ ಕಿತ್ತು ತರಬಹುದು. ಎಲ್ಲಕ್ಕಿಂತ ಬೇಗ ಹಾಳಾಗುವುದು, ಎಲ್ಲಕ್ಕಿಂತ ಬೇಗ ಬೆಳೆಯುವುದು, ಎರಡೂ ಸೊಪ್ಪೇ.

ಸೊಪ್ಪಿಗೆ ಆಳದ ಚೀಲ ಬೇಕಿಲ್ಲ. ಹಣ್ಣಿನಂಗಡಿಯ ಹಳೆ ಕ್ರೇಟ್‌ಗೆ ಗೋಣಿಚೀಲ ಹಾಸಿ ಒಂದು ಗೇಣು ಮಣ್ಣು ತುಂಬಿದರೆ ಸಾಕು. ಬೀಜವನ್ನೂ ಕೊಳ್ಳಬೇಕಿಲ್ಲ. ಅಡುಗೆಮನೆ ಡಬ್ಬಿಯ ಮೆಂತ್ಯ ಹಾಕಿ ನೋಡಿ, ಹುರಿಯದೆ ಇರುವುದಾದರೆ ಚೆನ್ನಾಗಿ ಮೊಳೆಯುತ್ತದೆ. ರಾತ್ರಿ ನೆನೆಸಿ ಬೆಳಿಗ್ಗೆ ಹಾಕಿದರೆ 25 ದಿನಕ್ಕೆ ಸೊಪ್ಪು. ಧನಿಯವನ್ನು ಹಾಗೇ ಹಾಕಬೇಡಿ. ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ, ಮೆಲ್ಲಗೆ ಉಜ್ಜಿ ಎರಡು ಹೋಳಾಗಿಸಿ ಬಿತ್ತಬೇಕು. ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಸುಮ್ನೆ ಚೆಲ್ಲಿದರೆ ಒಂದು ಕಡೆ ಗುಂಪು, ಒಂದು ಕಡೆ ಬೋಳು. ನಾಲ್ಕು ಪಟ್ಟು ಮರಳಿನಲ್ಲಿ ಬೆರೆಸಿ ಉದುರಿಸಿ. ಸುತ್ತ ಸ್ವಲ್ಪ ಅರಿಶಿನ ಹಾಕಿ, ಇಲ್ಲದಿದ್ದರೆ ಇರುವೆಗಳು ಬೀಜವನ್ನು ಹೊತ್ತುಕೊಂಡು ಹೋಗುತ್ತವೆ. ಹೆಸರಘಟ್ಟದ್ದೇ ‘ಅರ್ಕಾ ಸುಗುಣ’ ದಂಟು ಸಿಕ್ಕರೆ ಒಳ್ಳೆಯದು. ಸುಮಾರು 25 ದಿನಕ್ಕೆ ಮೊದಲ ಕೊಯ್ಲು, ಬುಡ ಬಿಟ್ಟು ಕತ್ತರಿಸಿದರೆ ಮತ್ತೆ ಮತ್ತೆ ಚಿಗುರುತ್ತದೆ. ಎಲ್ಲ ಕ್ರೇಟ್‌ಗೂ ಒಂದೇ ದಿನ ಬಿತ್ತಬೇಡಿ. ಹತ್ತು ದಿನಕ್ಕೊಂದು ಕ್ರೇಟ್. ಒಂದು ತಿನ್ನುವಾಗ ಇನ್ನೊಂದು ಮೊಳೆಯುತ್ತಿರಬೇಕು.

ಉಳಿದ ನಾಲ್ಕೈದು ಚೀಲಕ್ಕೆ ಎರಡು ಮೆಣಸಿನ ಗಿಡ, ಎರಡು ಬದನೆ, ಒಂದು ಹೀರೆ. ಬದನೆಯಲ್ಲಿ ನಮ್ಮ ಮೈಸೂರಿನದೇ ಈರನಗೆರೆ ಬದನೆ ಇದೆ, ಬೀಜ ಸಿಕ್ಕರೆ ಬಿಡಬೇಡಿ. ಕಾಯಿ ಮುಗಿದ ಗಿಡವನ್ನು ಕೀಳಬಾರದು. ಬುಡದಿಂದ ಒಂದಡಿ ಬಿಟ್ಟು ಕತ್ತರಿಸಿ, ಒಂದು ಬೊಗಸೆ ಗೊಬ್ಬರ ಕೊಡಿ. ಕಬ್ಬಿಗೆ ಕೂಳೆ ಬಿಟ್ಟ ಹಾಗೆ ಮತ್ತೆ ಚಿಗುರಿ ಕಾಯಿ ಬಿಡುತ್ತದೆ. ಇದನ್ನು ನಿಮ್ಮತ್ತೆಗೆ ಹೇಳಿಕೊಡಬೇಕಾಗಿಲ್ಲ.

ಹೀರೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಪ್ರತಿ ಮಳೆಗಾಲ ಇದೇ ಪ್ರಶ್ನೆ ಬರುತ್ತದೆ. ಹೂ ತುಂಬ ಇದೆ, ಕಾಯಿ ಇಲ್ಲ ಅಂತ. ಮೊದಲು ಬರೋದು ಗಂಡು ಹೂ, ಗೊಂಚಲಲ್ಲಿ. ಹತ್ತು-ಹದಿನೈದು ದಿನದ ಮೇಲೆ ಹೆಣ್ಣು ಹೂ, ಅದರ ಹಿಂದೆ ಕಿರುಬೆರಳಷ್ಟು ಕಾಯಿ ಅಂಟಿಕೊಂಡೇ ಇರುತ್ತದೆ. ತಾರಸಿಯಲ್ಲಿ ಜೇನು ಕಡಿಮೆ ಇದ್ದರೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ನಾವೇ ಸವರಬೇಕು. ಎಲ್ಲರೂ ಇದನ್ನು ಬೆಳಿಗ್ಗೆ ಕಾಫಿ ಕುಡಿದು ಮಾಡಲು ಹೋಗುತ್ತಾರೆ. ಕುಂಬಳಕ್ಕೆ, ಹಾಗಲಕ್ಕೆ ಅದು ಸರಿ. ಹೀರೆ ಹೂ ಅರಳೋದು ಸಂಜೆ. ದೀಪ ಹಚ್ಚುವ ಹೊತ್ತಿಗೆ ಹೋಗಿ ನೋಡಿ, ಹಳದಿ ಹೂ ಬಿಚ್ಚುತ್ತಿರುತ್ತವೆ. ಸೋರೆಯದೂ ಇದೇ ಸಮಯ, ಹೂ ಬಿಳಿ.

ಅವರೆ ಹಾಕಬೇಕು ಅಂತ ಆಸೆ ಇದ್ದೇ ಇರುತ್ತದೆ, ಮೈಸೂರು-ಮಂಡ್ಯದವರಿಗೆ ಇಲ್ಲದೆ ಇರುತ್ತಾ? ನನ್ನ ಪರಿಚಯದವರೊಬ್ಬರು ಸಂಕ್ರಾಂತಿಗೆ ತಂದ ಸೊಗಡು ಅವರೆಯಲ್ಲಿ ನಾಲ್ಕು ಬಲಿತ ಕಾಳು ತೆಗೆದು ಫೆಬ್ರವರಿಯಲ್ಲಿ ಹಾಕಿದರು. ಬಳ್ಳಿ ಪಕ್ಕದ ಮನೆಯ ಡಿಶ್‌ವರೆಗೂ ಹಬ್ಬಿತು. ಒಂದು ಹೂ ಇಲ್ಲ. ಗೊಬ್ಬರ ಹಾಕಿದರು, ಬೂದಿ ಹಾಕಿದರು, ಕೊನೆಗೆ ಯಾರ ಕಣ್ಣು ಬಿತ್ತೋ ಅಂದರು. ಯಾರ ಕಣ್ಣೂ ಅಲ್ಲ. ನಾಟಿ ಅವರೆ ಹಗಲು ಕುಗ್ಗಿ ರಾತ್ರಿ ಉದ್ದ ಆಗುವವರೆಗೆ ಹೂವಾಗಲ್ಲ. ಅದಕ್ಕೇ ನಮ್ಮ ಹಿರಿಯರು ಮುಂಗಾರಿನಲ್ಲಿ ರಾಗಿ ಜೊತೆ ಸಾಲು ಹಾಕಿ ದೀಪಾವಳಿ ಕಳೆದ ಮೇಲೆ ಕಾಯಿ ಕೀಳುತ್ತಿದ್ದದ್ದು. ನೀವು ಜುಲೈನಲ್ಲಿ ಹಾಕಿ. ಬೇರೆ ಕಾಲದಲ್ಲೂ ಬೇಕು ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ‘ಹೆಬ್ಬಾಳ ಅವರೆ-4’ ಇದೆ. ಕುಳ್ಳ ಗಿಡ, ಹಗಲಿನ ಉದ್ದ ನೋಡದೆ ಕಾಯಿ ಬಿಡುತ್ತದೆ. ಸೊಗಡು ಮಾತ್ರ ನಾಟಿಯದಕ್ಕೆ ಸಮ ಬರಲ್ಲ, ನನ್ನ ನಾಲಿಗೆಗೆ.

ತಾರಸಿಯನ್ನೇ ನೋಡುತ್ತಾ ಕೆಳಗಿನ ಜಾಗ ಮರೆತಿದ್ದೀರಿ. ಮನೆ ಸುತ್ತ ಸೆಟ್‌ಬ್ಯಾಕ್ ಬಿಟ್ಟಿರುತ್ತೀರಿ, ಅದಕ್ಕೆ ಸಿಮೆಂಟು ಬಳಿದಿರುತ್ತೀರಿ. ಕಾಂಪೌಂಡ್ ಪಕ್ಕ ಎರಡಡಿ ಅಗಲ, ಹತ್ತಡಿ ಉದ್ದ ಸಿಮೆಂಟು ಒಡೆಸಿ. ನೆಲದಲ್ಲಿ ಬೇರು ಬಿಟ್ಟ ಗಿಡಕ್ಕೆ ಚೀಲದ ಗಿಡಕ್ಕಿರುವ ಹಾಗೆ ದಿನಾ ನೀರಿನ ಹಂಗಿಲ್ಲ. ಅಲ್ಲಿ ಒಂದು ಕರಿಬೇವು, ಗ್ರಿಲ್‌ಗೆ ಹಬ್ಬಿಸಲು ಬಸಳೆ, ಒಂದೆರಡು ಚಕ್ರಮುನಿ ಕಡ್ಡಿ, ಮೂಲೆಯಲ್ಲಿ ದೊಡ್ಡಪತ್ರೆ, ಒಂದೆಲಗ. ಇವೆಲ್ಲ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುವಂಥವು. ಪರಂಗಿ ಹಾಕುವುದಾದರೆ ಮೂರು ಸಸಿ ನೆಟ್ಟು, ಹೂ ಬಂದ ಮೇಲೆ ಗಂಡು ಗಿಡ ಕಿತ್ತುಬಿಡಿ. ನುಗ್ಗೆ ಎತ್ತರಕ್ಕೆ ಬಿಟ್ಟರೆ ಗಾಳಿಗೆ ಕೊಂಬೆ ಮುರಿಯುತ್ತದೆ, ಮಳೆಗಾಲದಲ್ಲಿ ಕಂಬಳಿ ಹುಳು ಕಾಂಡ ತುಂಬ ಕೂರುತ್ತದೆ. ನಾಲ್ಕಡಿಗೆ ಕತ್ತರಿಸುತ್ತಾ ಬರೀ ಸೊಪ್ಪಿಗೆ ಇಟ್ಟುಕೊಳ್ಳಿ.

ಮಳೆ ಹಿಡಿದಿದೆ ಅಂದಿರಿ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ, ಮೇ ತಿಂಗಳಲ್ಲಿ ಒಂದು ಜೋರು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು ಜೋರು. 700 ಚದರಡಿ ತಾರಸಿಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ 1,300 ಲೀಟರ್ ನೀರು. ಎರಡು ಡ್ರಮ್ ಇಟ್ಟು ಪೈಪಿನ ಬಾಯಿ ಅದಕ್ಕೆ ತಿರುಗಿಸಿ, ಮೇಲೆ ಸೊಳ್ಳೆ ಬಲೆ ಬಿಗಿಯಾಗಿ ಕಟ್ಟಿ. ಡೆಂಗಿ ಬಂದರೆ ತೋಟ ಯಾರಿಗೆ ಬೇಕು?

ಹುಳು-ರೋಗಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ದಿನಾ ಐದು ನಿಮಿಷ ಎಲೆಯ ಹಿಂಭಾಗ ತಿರುಗಿಸಿ ನೋಡಿದರೆ ಅರ್ಧ ಕೆಲಸ ಮುಗಿಯಿತು. ಹಿಟ್ಟು ತಿಗಣೆ ಕಂಡರೆ ನೀರನ್ನು ರಭಸವಾಗಿ ಹಾಯಿಸಿ ತೊಳೆಯಿರಿ. ಎಲೆಯ ರಸ ಹೀರುವ ಹೇನು ಬಂದರೆ ಬೆಳಿಗ್ಗೆ ಇಬ್ಬನಿ ಇರುವಾಗ ಸೌದೆ ಒಲೆಯ ಬೂದಿ ಉದುರಿಸಿ. ಅದಕ್ಕೂ ಬಗ್ಗದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು ಬೆರೆಸಿ ಸಂಜೆ ಹೊಡೆಯಿರಿ. ಸೊಪ್ಪಿಗೆ ಮಾತ್ರ ಏನೂ ಹೊಡೆಯಬೇಡಿ, ಕೆಟ್ಟದ್ದನ್ನು ಕಿತ್ತು ಡ್ರಮ್‌ಗೆ ಹಾಕಿ ಹೊಸದಾಗಿ ಬಿತ್ತಿ.

ಬೀಜಕ್ಕೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ನಂಜರಾಜ ಬಹದ್ದೂರ್ ಛತ್ರದಲ್ಲಿ ದೇಸಿ ಬೀಜ ಮೇಳ, ಗೆಡ್ಡೆ ಗೆಣಸಿನ ಮೇಳ ನಡೆದಾಗ ಹೋಗಿ ಬನ್ನಿ, ಎಲ್ಲೂ ಕಾಣದ ತಳಿ ಅಲ್ಲಿ ಕಾಣುತ್ತವೆ. ಬೆಂಡೆ, ಬೀನ್ಸ್, ಟೊಮೆಟೊ, ಈರುಳ್ಳಿಯನ್ನು ಆರಾಮಾಗಿ ಮಾರ್ಕೆಟ್‌ನಲ್ಲೇ ಕೊಳ್ಳಿ, ಬಟ್ಟೆ ಚೀಲ ಹಿಡಿದು. ಸುತ್ತಲಿನ ಹಳ್ಳಿಯ ರೈತರು ಅದನ್ನು ನಮಗಿಂತ ಕಡಿಮೆ ನೀರಲ್ಲಿ, ಕಡಿಮೆ ಪ್ಲಾಸ್ಟಿಕ್‌ನಲ್ಲಿ ಬೆಳೆಯುತ್ತಾರೆ.

ಇನ್ನು ನಗುವ ಅತ್ತೆಯ ವಿಷಯ. ನಿಮ್ಮ ಮನೆಯಲ್ಲಿರುವ ತಜ್ಞರು ಅವರೇ. ನೀವು ಕಳೆ ಅಂತ ಕಿತ್ತು ಎಸೆದ ಗೋಣಿ ಸೊಪ್ಪು, ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು ಆ ಚೀಲಗಳಲ್ಲಿ ಈ ಮಳೆಗೆ ತಾವಾಗೇ ಎದ್ದಿರುತ್ತವೆ. ಒಂದು ದಿನ ಅವರನ್ನು ತಾರಸಿಗೆ ಕರೆದುಕೊಂಡು ಹೋಗಿ, ಯಾವುದು ತಿನ್ನುವಂಥದ್ದು ಕೇಳಿ. ಅವರು ಗುರುತು ಹಿಡಿದದ್ದನ್ನು ಮಾತ್ರ ಕೊಯ್ಯಿರಿ, ಗಣಿಕೆಯ ಹಸಿ ಕಾಯಿ ಬೇಡ. ಬೆರಕೆ ಸೊಪ್ಪಿನ ಬಸ್ಸಾರು, ಮುದ್ದೆ ಆಗುತ್ತದೆ. ಮುಂದಿನ ಸಲ ಊರಿಗೆ ಹೋದಾಗ ನಾಲೆ ಬದುವಿನಿಂದ ಒಂದು ಹಿಡಿ ಹೊನಗೊನೆ ಕಡ್ಡಿ ಮುರಿದು ತರಲು ಹೇಳಿ. ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಎರಡು ದಿನ ಬಾಡಲ್ಲ. ಗೆಣ್ಣು ಮಣ್ಣಿನೊಳಗೆ ಹೋಗುವ ಹಾಗೆ ಓರೆಯಾಗಿ ಚುಚ್ಚಿ, ಕೆಳಗೆ ಸಿಮೆಂಟು ಒಡೆದ ಜಾಗದಲ್ಲಿ, ಪಾತ್ರೆ ತೊಳೆಯುವ ಕಲ್ಲಿನ ನೀರು ಮುಟ್ಟದ ಕಡೆ. ಒಂದು ವಾರದಲ್ಲಿ ಚಿಗುರು ಕಾಣುತ್ತದೆ.